"ನಿಜ ಹೇಳು, ಹೊಡಿಯಲ್ಲ" ಅಂದು ಹೊಡೆದ್ರೆ

ವಿಕ್ಟೋರಿಯಾ ತಲ್ವಾರ್ ಮತ್ತೆ ಕಾಂಗ್ ಲೀ ಅನ್ನೋ ಸಂಶೋಧಕರು ಪಶ್ಚಿಮ ಆಫ್ರಿಕಾದ ಎರಡು ಪ್ರೈವೇಟ್ ಸ್ಕೂಲಲ್ಲಿ ಮಾಡಿದ ಒಂದು ಸ್ಟಡಿ 2011ರಲ್ಲಿ ಬಂತು, ಮನೇಲಿ ಮಕ್ಕಳಿರೋರೆಲ್ಲ ತಿಳ್ಕೊಂಡಿರ್ಬೇಕಾದ್ದು ಅದು. ಎರಡಕ್ಕೂ ಬರೋದು ಒಂದೇ ಏರಿಯಾದ ಮಕ್ಕಳು, ಆದ್ರೆ ಒಂದರಲ್ಲಿ ಪೆನ್ಸಿಲ್ ಮರೆತು ಬಂದ್ರೂ ಏಟು, ಇನ್ನೊಂದರಲ್ಲಿ ಗದರೋದು, ಸ್ವಲ್ಪ ಹೊತ್ತು ಬೇರೆ ಕೂರಿಸೋದು, ಅಷ್ಟೇ. ಮೂರ್ನಾಲ್ಕು ವರ್ಷದ ಮಗೂನ ಬೆನ್ನು ತಿರುಗಿಸಿ ಕೂರಿಸಿ, ಹಿಂದಿರೋ ಆಟಿಕೆ ಯಾವ್ದು ಸೌಂಡ್ ಕೇಳಿ ಹೇಳು ಅಂತಾರೆ. ಕೊನೇ ಆಟಿಕೆಗೆ ಸಂಬಂಧಾನೇ ಇಲ್ದಿರೋ ಸೌಂಡ್ ಹಾಕಿ, ನೋಡ್ಬೇಡ ಅಂದು ಹೊರಗೆ ಹೋಗ್ತಾರೆ. ಎರಡೂ ಕಡೆ ಹೆಚ್ಚಿನ ಮಕ್ಕಳು ತಿರುಗಿ ನೋಡೇಬಿಟ್ರು, ಪಾಪ ಆ ವಯಸ್ಸಿಗೆ ಹೇಗೆ ತಡ್ಕೊಳ್ಳುತ್ತೆ. ಆದ್ರೆ "ನೋಡಿದ್ಯಾ?" ಅಂತ ಕೇಳಿದಾಗ ಏಟು ಬೀಳೋ ಸ್ಕೂಲಿನ ಮಕ್ಕಳೇ ಜಾಸ್ತಿ ಸುಳ್ಳು ಹೇಳಿದ್ರು, ಅದೂ ಅಲ್ದೆ "ಹಾಗಾದ್ರೆ ಏನಿರ್ಬೋದು?" ಅಂದಾಗ ಸಿಕ್ಕಿಬೀಳದ ಹಾಗೆ, ಏನೂ ಗೊತ್ತಿಲ್ದೋರ ಥರ ಉತ್ತರ ಕೊಡೋದ್ರಲ್ಲೂ ಅವ್ರೇ ಮುಂದೆ.

ಅಂದ್ರೆ ಏಟು ಕಲಿಸಿದ್ದು ಸುಳ್ಳನ್ನ ನೀಟಾಗಿ ಹೇಳೋದನ್ನ.

ನಮ್ಮ ಕಡೆ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೆ. "ನಿಜ ಹೇಳು ಪುಟ್ಟಾ, ಹೊಡಿಯಲ್ಲ" ಅಂತ ಮೆತ್ತಗೆ ಕೇಳ್ತಾರೆ, ಮಗು ನಂಬಿ "ನಾನೇ ಒಡೆದಿದ್ದು" ಅನ್ನುತ್ತೆ, ತಕ್ಷಣ ಬೆನ್ನಿಗೆ ಗುದ್ದು. ನೆಂಟರ ಮನೇಲಿ ನೋಡಿದೀನಿ, ಆ ಮಗು ಅತ್ತಿದ್ದು ನೋವಿಗಿಂತ ಹೆಚ್ಚಾಗಿ ಮೋಸ ಹೋದೆ ಅಂತ, ಮುಖ ನೋಡಿದ್ರೇ ಗೊತ್ತಾಗ್ತಿತ್ತು. ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 17 ಸ್ಕೂಲಲ್ಲಿ ಹೊಡೆಯೋದನ್ನೂ ಮಾನಸಿಕ ಹಿಂಸೇನೂ ನಿಷೇಧಿಸಿದೆ, 2010ರಿಂದ ಜಾರೀಲಿದೆ, ಆದ್ರೆ ಅದು ಮನೆಯೊಳಗೆ ಬರಲ್ಲ.

ಯಾವುದು ಸುಳ್ಳು, ಯಾವುದು ಒಳ್ಳೇತನ ಅನ್ನೋದು ಊರಿಂದ ಊರಿಗೆ ಬೇರೆ, ಅದನ್ನ ಒಪ್ತೀನಿ. ಕಾಂಗ್ ಲೀ ಅವರದ್ದೇ 1997ರ ಸ್ಟಡೀಲಿ, ಒಳ್ಳೆ ಕೆಲಸ ಮಾಡಿಯೂ "ನಾನು ಮಾಡಿಲ್ಲ" ಅನ್ನೋ ಮಗೂನ ಕೆನಡಾದ ಮಕ್ಕಳಿಗಿಂತ ಚೀನಾದ ಮಕ್ಕಳು ಹೆಚ್ಚು ಮೆಚ್ಚಿದ್ರು, ಅಲ್ಲಿ ಅದು ವಿನಯ. ಆದ್ರೆ ಏಟಿಗೆ ಹೆದರಿ ಹೇಳೋ ಸುಳ್ಳಲ್ಲಿ ಯಾವ ವಿನಯಾನೂ ಇಲ್ಲ.

ಕಥೆ ಹೇಳಿ ಹೆದರಿಸಿದ್ರೂ ಅಷ್ಟೇ. 2014ರಲ್ಲಿ ಇವ್ರೇ ನೋಡಿದ್ರು, ತೋಳ ಬಂತು ತೋಳ ಕಥೆ ಕೇಳಿದ ಮಕ್ಕಳು ಸುಳ್ಳು ಕಮ್ಮಿ ಮಾಡ್ಲಿಲ್ಲ. ಮರ ಕಡಿದಿದ್ದು ನಾನೇ ಅಂತ ಒಪ್ಕೊಂಡ ಮಗನನ್ನ ಅಪ್ಪ ಹೊಗಳೋ, ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಬಾಲ್ಯದ್ದು ಅಂತ ಹೇಳೋ ಕಥೆ ಕೇಳಿದೋರು ಮಾತ್ರ ನಿಜ ಹೇಳೋದು ಜಾಸ್ತಿಯಾಯ್ತು. ಹಾಗಾಗಿ ಲೋಟ ಒಡೆದಾಗ "ಯಾರು ಮಾಡಿದ್ದು?" ಅಂತ ಕಿರುಚೋ ಬದಲು "ಕಾಲಿಗೆ ಚುಚ್ಚಿಲ್ಲ ತಾನೇ, ಬಾ ಗುಡಿಸೋಣ" ಅಂದು ನೋಡಿ, ಗುಡಿಸ್ತಾ ಗುಡಿಸ್ತಾ ಮಗೂನೇ ಎಲ್ಲಾ ಹೇಳುತ್ತೆ.