ಹಾಲು ಉಕ್ಕಿಸುವ ಮೊದಲು ಎರಡು ಸಿನಿಮಾ

ಕಳೆದ ಶನಿವಾರ ಮಲ್ಲೇಶ್ವರದ ಬಾಡಿಗೆ ಮನೆ ಖಾಲಿ ಮಾಡಿ ಕೆಂಗೇರಿಗೆ ಬಂದೆ. ಬಾಕ್ಸ್‌ಗಳನ್ನು ಬಿಚ್ಚಲು ಮನಸ್ಸಾಗಲಿಲ್ಲ. ಸುಮ್ನೆ ಚಾಪೆ ಹಾಸಿಕೊಂಡು ‘ಮುಂಗಾರು ಮಳೆ’ ಹಾಕಿದೆ.

2006ರ ಡಿಸೆಂಬರ್ ಕೊನೆಗೆ ಅದು ತೆರೆಗೆ ಬಂದಾಗ ನಾನು ಪಿಯುಸಿ. ಈವಾ ಮಾಲ್ ಹತ್ತಿರ ಹುಡುಗಿಯನ್ನೇ ನೋಡುತ್ತಾ ಪ್ರೀತಂ ಮ್ಯಾನ್‌ಹೋಲಿಗೆ ಬಿದ್ದಾಗ ಥಿಯೇಟರೆಲ್ಲ ನಕ್ಕಿತ್ತು. ಕೊನೆಗೆ ಅವಳು ಅವನಿಗೆ ಸಿಗಲಿಲ್ಲ ಅಂತ ನನಗೆ ವಿಪರೀತ ಸಿಟ್ಟು. ಈಗ ನನ್ನ ಕಣ್ಣು ಹೋಗುವುದು ನಂದಿನಿಯ ಮೇಲೆ. ಮದುವೆ ಗೊತ್ತಾಗಿದೆ, ಮನಸ್ಸು ಅಲ್ಲಾಡುತ್ತಿದೆ. ಆ ತಳಮಳವನ್ನು ಆಗ ಗಮನಿಸಿಯೇ ಇರಲಿಲ್ಲ.

ಮರುದಿನ ರಾತ್ರಿ ಯೋಆಕಿಮ್ ಟ್ರಿಯರ್ ನಿರ್ದೇಶಿಸಿದ 2021ರ ನಾರ್ವೆ ಚಿತ್ರ ‘ದಿ ವರ್ಸ್ಟ್ ಪರ್ಸನ್ ಇನ್ ದಿ ವರ್ಲ್ಡ್’ ನೋಡಿದೆ. 12 ಅಧ್ಯಾಯ, ಹಿಂದೆ ಮುಂದೆ ಒಂದೊಂದು ತುಣುಕು. ಓಸ್ಲೋದ ಯೂಲಿಯೆ ಮೆಡಿಸಿನ್ ಬಿಟ್ಟು ಸೈಕಾಲಜಿಗೆ ಹೋಗುತ್ತಾಳೆ, ಅದನ್ನೂ ಬಿಟ್ಟು ಕ್ಯಾಮೆರಾ ಹಿಡಿಯುತ್ತಾಳೆ. ಒಂದು ಬೆಳಿಗ್ಗೆ ಲೈಟಿನ ಸ್ವಿಚ್ ಒತ್ತುತ್ತಾಳೆ. ಇಡೀ ಊರು ನಿಂತಲ್ಲೇ ನಿಲ್ಲುತ್ತದೆ. ಕಾಫಿ ಸುರಿಯುತ್ತಿದ್ದ ಸಂಗಾತಿಯೂ. ಅವಳು ನಗುತ್ತಾ ಇನ್ನೊಬ್ಬನ ಹತ್ತಿರ ಓಡುತ್ತಾಳೆ.

ಅವಳನ್ನು ಚಂಚಲೆ ಅಂದರೆ ನಾನು ಒಪ್ಪಲ್ಲ. ಅವಳು ಬಿಟ್ಟು ಹೋದವನು ಕೆಟ್ಟವನಲ್ಲ, ಅದೇ ಕಷ್ಟದ ವಿಷಯ ಅಲ್ವಾ? ಎರಡು ವರ್ಷದ ಹಿಂದೆ ನಿಶ್ಚಿತಾರ್ಥ ಆದ ಮೇಲೆ ನಾನು ಬೇಡ ಅಂದಿದ್ದೆ. ‘ಹುಡುಗನಲ್ಲಿ ಏನು ತಪ್ಪಿದೆ?’ ಅಂತ ಅಮ್ಮ ಕೇಳಿದ್ದರು. ಏನೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಅಮ್ಮನ ಫೋನ್. ‘ಹಾಲು ಉಕ್ಕಿಸಿದ್ಯಾ?’ ಅಷ್ಟೇ ಕೇಳಿದರು. ಪಾತ್ರೆ ಇದ್ದ ಬಾಕ್ಸನ್ನು ಮೊದಲು ಬಿಚ್ಚಿದೆ.