ಹಳೇ ಹಿಮಾಲಯನ್ ನೋಡುವಾಗ ಕಿವಿಗಿಂತ ಕೈ ಮುಂದಿರಲಿ

ಭಾನುವಾರ, 19 ಜನವರಿ 2025, ಬೆಂಗಳೂರು

ಬೆಳಗ್ಗೆ ಏಳೂವರೆ, ಒಳ್ಳೇ ಚಳಿ. ನೋಡಬೇಕಿದ್ದದ್ದು 2019ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್. ಬಿಎಸ್4 (ಹೊಗೆ ನಿಯಮದ ಹಂತ), ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಉಂಟು, ಮೀಟರಿನಲ್ಲಿ 38,000 ಕಿ.ಮೀ. ಮಾರುವವರಿಗೆ ನಿನ್ನೆ ರಾತ್ರಿಯೇ ಹೇಳಿದ್ದು ಒಂದೇ ಮಾತು: ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ. ಬಿಸಿ ಎಂಜಿನ್ ಅರ್ಧ ರೋಗ ಮುಚ್ಚಿಡುತ್ತದೆ. ಹೋದ ಕೂಡಲೇ ಎಂಜಿನ್ ಮೇಲೆ ಅಂಗೈ ಇಡಬೇಕು. ಬೆಚ್ಚಗಿದ್ದರೆ ಯಾಕೆ ಅಂತ ಕೇಳಬೇಕು. ಇವತ್ತಿನದು ತಣ್ಣಗಿತ್ತು.

ಸೆಕೆಂಡ್ ಹ್ಯಾಂಡ್ ಬೈಕು ಕೊಳ್ಳುವವರು ಎಂಜಿನ್ ಸದ್ದಿಗೆ ಕಿವಿ ಕೊಟ್ಟು ಮಿಕ್ಕಿದ್ದನ್ನು ಮರೆಯುತ್ತಾರೆ. ಈ 411 ಸಿಸಿ ಎಂಜಿನ್ ಕೊಡುವುದೇ 24.5 ಅಶ್ವಶಕ್ತಿ. ಅದರ ಮೇಲೆ ಒತ್ತಡ ಕಡಿಮೆ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಗಿದ್ದರೆ ಸುಲಭಕ್ಕೆ ಸೋಲುವುದಿಲ್ಲ. ದೂರ ಓಡಿದ ಗಾಡಿ ಸವೆಯುವುದು ಬೇರೆ ಕಡೆ: ಹ್ಯಾಂಡಲಿನ ಕುತ್ತಿಗೆ, ಚಕ್ರದ ಕಡ್ಡಿಗಳು, ಸೀಟಿನ ಹಿಂದೆ ಲಗೇಜ್ ಹೊರುವ ಫ್ರೇಮು. ಕೈ ಮೊದಲು ಅಲ್ಲಿಗೆ ಹೋಗಲಿ.

ಕುತ್ತಿಗೆಯ ಕೋನ್ ಸೆಟ್, ಅಂದರೆ ಹ್ಯಾಂಡಲು ತಿರುಗುವ ಬೇರಿಂಗ್, ಈ ಮಾಡೆಲ್‌ಗೆ ಮೊದಲ ಪರೀಕ್ಷೆ. ಗಾಡಿಯನ್ನು ಮೇನ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದಿನ ಕ್ಯಾರಿಯರ್ ಅದುಮಿ ಹಿಡಿದರೆ ಮುಂದಿನ ಚಕ್ರ ನೆಲ ಬಿಡುತ್ತದೆ. ಎರಡೇ ಬೆರಳಲ್ಲಿ ಹ್ಯಾಂಡಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಿ. ಚಕ್ರ ನೇರಕ್ಕೆ ಬರುವ ಜಾಗದಲ್ಲಿ ಸಣ್ಣ ಗುಂಡಿಗೆ ಬಿದ್ದ ಹಾಗೆ ಹ್ಯಾಂಡಲು ತಾನೇ ನಿಂತರೆ ಬೇರಿಂಗ್ ಮುಗಿದಿದೆ. ಹೈವೇಯಲ್ಲಿ ಗಂಟೆಗಟ್ಟಲೆ ಹ್ಯಾಂಡಲು ನೇರವಾಗಿಯೇ ಇರುತ್ತದೆ. ಪ್ರತಿ ಹಳ್ಳದ ಏಟೂ ಬೇರಿಂಗ್ ಬಟ್ಟಲಿನ ಅದೇ ಜಾಗಕ್ಕೆ ಬೀಳುತ್ತದೆ. ಹಾಗಾಗಿ ನಡುವಿನಲ್ಲೇ ತಗ್ಗು. ಆಮೇಲೆ ಫೋರ್ಕಿನ (ಮುಂದಿನ ಚಕ್ರ ಹಿಡಿದ ಎರಡು ಕಾಲುಗಳ) ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಟಕ್ ಟಕ್ ಅಂದರೆ ಬರೀ ಸಡಿಲ, ಬಿಗಿ ಮಾಡಿದರೆ ಸಾಕು. ತಗ್ಗು ಬಿದ್ದದ್ದಕ್ಕೆ ಮಾತ್ರ ಪೂರ್ತಿ ಸೆಟ್ಟೇ ಬದಲಿಸಬೇಕು. "ಟೈಟ್ ಮಾಡಿಸಿದ್ರೆ ಸರಿಹೋಗತ್ತೆ ಸಾರ್" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ತಗ್ಗಿರುವ ಬೇರಿಂಗನ್ನು ಬಿಗಿ ಮಾಡಿದರೆ ಟ್ರಾಫಿಕ್ಕಿನಲ್ಲಿ ಗಾಡಿ ಕುಡಿದವನ ಹಾಗೆ ಓಲಾಡುತ್ತದೆ. ಇವತ್ತಿನ ಗಾಡಿಯಲ್ಲಿ ತಗ್ಗು ಸ್ಪಷ್ಟವಾಗಿತ್ತು.

ಕುತ್ತಿಗೆ ಬಿಡುವ ಮೊದಲು ಅಲ್ಲೇ ಕೆಳಗೆ ಟಾರ್ಚ್ ಹಿಡಿಯಿರಿ. ಹ್ಯಾಂಡಲು ಪೂರ್ತಿ ತಿರುಗಿದಾಗ ತಡೆಯುವ ಗೂಟ ಜಜ್ಜಿದ್ದರೆ ಅಥವಾ ಮುರಿದಿದ್ದರೆ ಗಾಡಿ ಜೋರಾಗಿ ಬಿದ್ದಿದೆ ಅಂತ ಅರ್ಥ. ಟ್ಯಾಂಕಿಗೆ ಬಣ್ಣ ಹೊಡೆಸಬಹುದು, ಕ್ರ್ಯಾಶ್ ಗಾರ್ಡ್ ಹೊಸದು ಹಾಕಿಸಬಹುದು, ಈ ಗೂಟ ಯಾರ ನೆನಪಿಗೂ ಬರುವುದಿಲ್ಲ. 2016ರಲ್ಲಿ ಬಂದ ಮೊದಮೊದಲ ಗಾಡಿಗಳಲ್ಲಿ ಫ್ರೇಮಿನ ವೆಲ್ಡಿಂಗ್ ಬಿರುಕು ಬಿಟ್ಟ ದೂರುಗಳಿದ್ದವು. ಆ ಮಾಡೆಲ್ ನೋಡುವುದಾದರೆ ಕುತ್ತಿಗೆಯ ಸುತ್ತಲಿನ ಪ್ರತಿ ಬೆಸುಗೆಯನ್ನೂ ಬಟ್ಟೆಯಲ್ಲಿ ಒರೆಸಿ ನೋಡಿ. ಅಲ್ಲಿ ಮಾತ್ರ ಹೊಸ ಪೇಂಟ್ ಕಂಡರೆ ಗಾಡಿ ಕೈಬಿಡುವುದು ಒಳ್ಳೆಯದು.

ಚಕ್ರ. ಮುಂದೆ 21 ಇಂಚು, ಹಿಂದೆ 17. ಎರಡೂ ಕಡ್ಡಿ ಚಕ್ರ, ಟ್ಯೂಬ್ ಟೈರು. 10ರ ಸ್ಪ್ಯಾನರಿನಿಂದ ಒಂದೊಂದೇ ಕಡ್ಡಿ ತಟ್ಟುತ್ತಾ ಹೋಗಿ. ಬಿಗಿ ಇರುವುದು 'ಟಿಂಗ್' ಅನ್ನುತ್ತದೆ, ಸಡಿಲವಾದದ್ದು 'ಟಪ್'. ಒಂದು ಸಡಿಲವಾದರೆ ಅದರ ಪಾಲಿನ ಭಾರ ಅಕ್ಕಪಕ್ಕದವಕ್ಕೆ ಬೀಳುತ್ತದೆ. ಆಮೇಲೆ ಮುರಿಯುವುದು ಸಡಿಲವಿದ್ದದ್ದಲ್ಲ, ಪಕ್ಕದ್ದು. ಫೋರ್ಕಿಗೆ ಒಂದು ಕೇಬಲ್ ಟೈ ಕಟ್ಟಿ, ತುದಿ ರಿಮ್ಮಿಗೆ ತಾಗುವಷ್ಟು ಹತ್ತಿರ ಕತ್ತರಿಸಿ ಚಕ್ರ ತಿರುಗಿಸಿದರೆ ಓರೆ ಎಷ್ಟು ಅಂತ ಕಣ್ಣಿಗೇ ಕಾಣುತ್ತದೆ. ಒಂದೆರಡು ಮಿಲಿಮೀಟರ್ ಓರೆಯನ್ನು ಕಡ್ಡಿ ಎಳೆದು ಸರಿಮಾಡಬಹುದು. ರಿಮ್ಮಿನ ಅಂಚೇ ಒಳಗೆ ಮಡಚಿದ್ದರೆ ಆಗದು. ಹಿಂದಿನ ಚಕ್ರದ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ: ಚಕ್ರ ಮಾತ್ರ ಆಡಿದರೆ ಚಕ್ರದ ಬೇರಿಂಗ್, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದ ತೋಳು) ಸಮೇತ ಆಡಿದರೆ ಅದರ ಬುಡದ ಬೇರಿಂಗ್.

ಟೈರಿನ ಬದಿಯಲ್ಲಿ ಡಾಟ್ ಗುರುತಿನ ಕೊನೆಯ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರ. ಗಾಡಿಯ ಜತೆಗೇ ಬಂದ ಟೈರು ಇನ್ನೂ ಇದ್ದರೆ, ಹಲ್ಲು ಎಷ್ಟೇ ಉಳಿದಿರಲಿ, ಐದಾರು ವರ್ಷದ ರಬ್ಬರು ಗಟ್ಟಿಯಾಗಿರುತ್ತದೆ; ಮಳೆಯಲ್ಲಿ ಚಾರ್ಮಾಡಿ ಇಳಿಯುವಾಗ ಅದನ್ನು ನಂಬಬಾರದು. ಹಿಂದಿನ ಟೈರು ನಡುವಿನಲ್ಲಿ ಚಪ್ಪಟೆಯಾಗಿದ್ದರೆ ಹೆಚ್ಚು ಓಡಿದ್ದು ಹೈವೇಯಲ್ಲಿ. ಅದು ದೋಷವೇನಲ್ಲ, ಪಟ್ಟಣದಲ್ಲೇ ಕ್ಲಚ್ ಹಿಡಿದು ಸವೆದ ಗಾಡಿಗಿಂತ ವಾಸಿ.

ಇನ್ನು ಸೀಟಿನ ಹಿಂಭಾಗ. ಪ್ಯಾನಿಯರ್ (ಪಕ್ಕದ ಲಗೇಜ್ ಪೆಟ್ಟಿಗೆ) ಹಾಕಿ ಲಡಾಖಿಗೋ ಸ್ಪಿತಿಗೋ ಹೋಗಿ ಬಂದದ್ದಾದರೆ ಸೀಟ್ ಬಿಚ್ಚಿಸಿಯೇ ನೋಡಬೇಕು. ಕ್ಯಾರಿಯರ್ ಬೋಲ್ಟುಗಳ ರಂಧ್ರ ಉದ್ದಕ್ಕೆ ಸೀಳಿದೆಯೇ, ಬೆಸುಗೆಯ ಬದಿಯಲ್ಲಿ ಕೂದಲೆಳೆಯಂಥ ತುಕ್ಕಿನ ಗೆರೆ ಇದೆಯೇ? ಬಿರುಕು ಮೊದಲು ತುಕ್ಕಿನ ಬಣ್ಣದಲ್ಲೇ ಕಾಣಿಸಿಕೊಳ್ಳುವುದು. ಸಮತಟ್ಟು ನೆಲದ ಮೇಲೆ ಮೇನ್ ಸ್ಟ್ಯಾಂಡ್ ಹಾಕಿ ಎಡ-ಬಲ ಎರಡೂ ಕಡೆ ಕ್ಯಾರಿಯರಿನ ರೈಲಿನಿಂದ (ಪಕ್ಕದ ಕಂಬಿಯಿಂದ) ನೆಲದವರೆಗೆ ಟೇಪ್ ಹಿಡಿಯಿರಿ. ಒಂದು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಬಗ್ಗಿದ್ದು ರೈಲೋ ಫ್ರೇಮೋ ಅಂತ ವಿಚಾರಿಸಿ. ಇವತ್ತು ನಾಲ್ಕು ಮಿ.ಮೀ. ಬಂತು, ಪರವಾಗಿಲ್ಲ.

ಸೀಟ್ ಬಿಚ್ಚಿದಾಗಲೇ ವೈರಿಂಗ್ ಕೂಡ ಕಾಣುತ್ತದೆ. ಫಾಗ್ ಲ್ಯಾಂಪ್, ಮೊಬೈಲ್ ಚಾರ್ಜರ್ ಹಾಕಿಸಿದವರು ರಿಲೇ, ಫ್ಯೂಸ್ ಇಲ್ಲದೆ ನೇರ ಹಾರ್ನೆಸ್ಸಿಗೇ (ಗಾಡಿಯ ಮುಖ್ಯ ವೈರುಗಳ ಕಟ್ಟಿಗೇ) ಸುತ್ತಿ ಟೇಪ್ ಹಾಕಿರುತ್ತಾರೆ. ಈ ಗಾಡಿಗೆ ಕಿಕ್ಕರ್ ಇಲ್ಲ. ಬ್ಯಾಟರಿ ಸತ್ತರೆ ದಾರಿಯಲ್ಲಿ 190 ಕಿಲೋ ತಳ್ಳುವ ಕೆಲಸ. ಮಲ್ಟಿಮೀಟರ್ ಇಡಿ: ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು, ನಾಲ್ಕು ಸಾವಿರ ಆರ್‌ಪಿಎಂನಲ್ಲಿ 13.8ರಿಂದ 14.5. ಅಲ್ಲಿಯೂ 13 ದಾಟದಿದ್ದರೆ ಕರೆಂಟ್ ಹುಟ್ಟಿಸುವ ಕಾಯಿಲ್ ಅಥವಾ ಅದನ್ನು ಹದದಲ್ಲಿಡುವ ರೆಗ್ಯುಲೇಟರ್ ಮೇಲೆ ಅನುಮಾನ. 15 ದಾಟಿದರೆ ರೆಗ್ಯುಲೇಟರ್ ಬ್ಯಾಟರಿಯನ್ನೇ ಬೇಯಿಸುತ್ತಿದೆ.

ಎಂಜಿನ್ ಸರದಿ ಕೊನೆಗೆ. ಕೀ ತಿರುಗಿಸಿದಾಗ ಪೆಟ್ರೋಲ್ ಪಂಪು ಎರಡು ಮೂರು ಸೆಕೆಂಡ್ ಗುಂಯ್‌ಗುಟ್ಟಿ ನಿಲ್ಲಬೇಕು. ಸ್ಟಾರ್ಟ್ ಆದ ಕ್ಷಣ ಸೈಲೆನ್ಸರಿನಲ್ಲಿ ಒಂದು ಉಸಿರು ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್; ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ನೀಲಿ ಬಂದರೆ ಪಿಸ್ಟನ್ ರಿಂಗ್, ಅದು ದೊಡ್ಡ ಖರ್ಚು. ಚಳಿಯಲ್ಲಿ ಬರುವ ಬಿಳಿ ಆವಿಗೆ ಹೆದರಬೇಡಿ. ಟ್ಯಾಪೆಟ್ಟಿನ ಸಣ್ಣ ಟಿಕ್ ಟಿಕ್ ಇದ್ದದ್ದೇ.

ಓಡಿಸುವಾಗ ಮೂರು ಕೆಲಸ. ಎಂಜಿನ್ ಬಿಸಿಯಾದ ಮೇಲೆ ನಾಲ್ಕನೇ ಗೇರಿನಲ್ಲಿ 50ರಿಂದ ಪೂರ್ತಿ ತಿರುಚಿ: ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಎಬಿಎಸ್ ದೀಪ ಗಾಡಿ ಹೊರಟು ಸ್ವಲ್ಪ ದೂರದಲ್ಲೇ ಆರಬೇಕು. ಕೀ ಹಾಕಿದಾಗ ಅದು ಹೊತ್ತಲೇ ಇಲ್ಲ ಅಂದರೆ ಬಲ್ಬೇ ಕಿತ್ತಿರಬಹುದು. ವಾಪಸು ಬಂದು ಹತ್ತು ನಿಮಿಷ ಬಿಟ್ಟು, ಬಿಸಿಯಲ್ಲೂ ಸಲೀಸಾಗಿ ಆಗುತ್ತದೆಯೇ ಅಂತ ಮತ್ತೆ ಸ್ಟಾರ್ಟ್ ಮಾಡಿ. ಗಾಡಿ ನಿಂತಿರುವಾಗಲೇ ಚೈನನ್ನೂ ನೋಡಿ: ಹಿಂದಿನ ಸ್ಪ್ರಾಕೆಟ್ಟಿನ (ಹಲ್ಲುಚಕ್ರದ) ಹಿಂಭಾಗದಲ್ಲಿ ಎಳೆದಾಗ ಅರ್ಧ ಹಲ್ಲು ಹೊರಬಂದರೆ ಪೂರ್ತಿ ಸೆಟ್ ಬದಲಿಸಿ. ಹಳೇ ಸ್ಪ್ರಾಕೆಟ್ಟಿಗೆ ಹೊಸ ಚೈನು ಹಾಕುವುದು ದುಡ್ಡು ದಂಡ.

ಯಾವ ವರ್ಷದ್ದು ಅನ್ನುವವರಿಗೆ: 2017ಕ್ಕೆ ಮುಂಚಿನದು ಕಾರ್ಬ್ಯುರೇಟರ್, ದಾರಿ ಬದಿಯಲ್ಲೇ ಬಿಚ್ಚಿ ತೊಳೆಯಬಹುದು, ಆದರೆ ಎತ್ತರಕ್ಕೆ ಹೋದಂತೆ ಉಸಿರು ಕಟ್ಟುತ್ತದೆ. 2020ರ ಬಿಎಸ್6ನಿಂದ ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡಬಹುದು. ನಮ್ಮ ಮತ 2019-20ರ ಎಬಿಎಸ್ ಗಾಡಿಗೆ. 15 ಲೀಟರ್ ಟ್ಯಾಂಕಿಗೆ ಚಿಂತೆಯಿಲ್ಲದೆ 400 ಕಿ.ಮೀ. ಆದರೆ ಒಂದು ಮಾತು: 90-95ರಲ್ಲಿ ಖುಷಿಯಾಗಿರುವವರಿಗೆ ಮಾತ್ರ ಇದು. ಹುಬ್ಬಳ್ಳಿಯವರೆಗೆ ಹೈವೇಯಲ್ಲಿ 110 ಹಿಡಿದೇ ಹೋಗಬೇಕು ಅನ್ನುವವರು 2019ರ ನಂತರದ ಡಾಮಿನಾರ್ 400 (40 ಪಿಎಸ್, 13 ಲೀಟರ್) ಅಥವಾ ಇಂಟರ್‌ಸೆಪ್ಟರ್ 650 ನೋಡಲಿ. ಡಾಮಿನಾರಿನಲ್ಲಿ ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ಬಣ್ಣ ಮತ್ತು ರೇಡಿಯೇಟರಿನ ರೆಕ್ಕೆಗಳನ್ನು ಹೆಚ್ಚುವರಿಯಾಗಿ ನೋಡಬೇಕು.

ಕಾಗದಪತ್ರ: ಚಾಸಿ ನಂಬರನ್ನು ಆರ್‌ಸಿಯ ಜತೆ ಅಕ್ಷರ ಅಕ್ಷರ ಹೋಲಿಸಿ. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ (ಅಭ್ಯಂತರವಿಲ್ಲ ಅನ್ನುವ ಪತ್ರ) ಮತ್ತು ಸಾಲ ತೀರಿದ್ದಕ್ಕೆ ಫಾರಂ 35, ವರ್ಗಾವಣೆಗೆ ಫಾರಂ 29 ಮತ್ತು 30. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿಯ ಆರ್‌ಟಿಒ ಎನ್‌ಒಸಿಗೆ ಫಾರಂ 28 ಮತ್ತು ಇಲ್ಲಿಯ ತೆರಿಗೆ. ಅಗ್ಗ ಅಂತ ಕಂಡದ್ದು ಅಲ್ಲೇ ಸರಿದೂಗುತ್ತದೆ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಮಾರಿದವರ ಜತೆಗೇ ಹೋಗುತ್ತದೆ.

ಇವತ್ತಿನ ಲೆಕ್ಕ: ಕೋನ್ ಸೆಟ್, ಹಿಂದಿನ ಟೈರು ಮತ್ತು ಟ್ಯೂಬು, ಬ್ರೇಕ್ ಆಯಿಲ್, ಹಿಂದಿನ ಚಕ್ರದ ಎರಡು ಕಡ್ಡಿ. ಈ ನಾಲ್ಕರ ಸಾಮಾನು ಮತ್ತು ಕೂಲಿ ಕೇಳಿದ ಬೆಲೆಯಿಂದ ಕಳೆದು ಹೇಳಿದ್ದಾಗಿದೆ. ಮಂಗಳವಾರದೊಳಗೆ ಫೋನ್ ಬಾರದಿದ್ದರೆ ಯಲಹಂಕದಲ್ಲಿರುವ 2020ರದ್ದು. ಅದಕ್ಕೂ ಸ್ಪ್ಯಾನರ್, ಟಾರ್ಚ್, ಮಲ್ಟಿಮೀಟರ್, ಕೇಬಲ್ ಟೈ ಇದೇ ಚೀಲದಲ್ಲಿವೆ.