ಎಂಜಿನ್ ಬೊಬ್ಬೆ ಹೊಡೆಯುತ್ತದೆ, ದೋಣಿ ಮುಂದೆ ಹೋಗುವುದಿಲ್ಲ

ನಮ್ಮ ದೋಣಿಯ ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಎಂಜಿನ್, ಸೋದರಮಾವನ ಕಾಲದ್ದು. ಟೂ ಸ್ಟ್ರೋಕ್, ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಜಾತಿಯದ್ದು. ಕಾಸರಗೋಡಿನ ಮಂಜೇಶ್ವರ, ಕುಂಬಳೆ ಕಡೆಯ ನಾಡದೋಣಿಗಳಲ್ಲಿ ಇಂಥವು ಈಗಲೂ ಉಂಟು. ಈ ವರ್ಷ ಮಳೆ ಹಿಡಿಯುವ ಮೊದಲು ಅದಕ್ಕೊಂದು ರೋಗ ಬಂತು. ಮೆಲ್ಲ ಹೋಗುವಾಗ ಎಲ್ಲ ಸರಿ. ಆಕ್ಸಿಲೇಟರ್ ತಿರುಗಿಸಿದ ಕೂಡಲೇ ಎಂಜಿನ್ ಬೊಬ್ಬೆ ಹೊಡೆಯುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಇಳಿಸಿದರೆ ಪುನಃ ಹಿಡಿಯುತ್ತದೆ.

ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ 52 ದಿನ ಟ್ರಾಲಿಂಗಿಗೆ, ಅಂದರೆ ಯಾಂತ್ರಿಕ ಬೋಟುಗಳು ಬಲೆ ಎಳೆದು ಮೀನು ಹಿಡಿಯುವುದಕ್ಕೆ, ನಿಷೇಧ. ದೊಡ್ಡ ಬೋಟುಗಳು ಕಟ್ಟಿ ನಿಲ್ಲುವ ಆ ದಿನಗಳಲ್ಲೇ ನಾಡದೋಣಿಯವರಿಗೆ ನಾಲ್ಕು ಕಾಸು. ಆಗ ಎಂಜಿನ್ ಕೈಕೊಟ್ಟರೆ ಹೊಟ್ಟೆಗೇ ಪೆಟ್ಟು.

ಕಡವಿನಲ್ಲಿ ಇದ್ದವರೆಲ್ಲ ಹೇಳಿದ್ದು ಒಂದೇ: ಕಾರ್ಬ್ಯುರೇಟರ್ ತೊಳಿ, ಪ್ಲಗ್ ಬದಲಿಸು. ಸೀಮೆಎಣ್ಣೆ ಎಂಜಿನ್ನಿಗೆ ಪ್ಲಗ್ಗಿನಲ್ಲಿ ಮಸಿ ಕಟ್ಟುವ ರೋಗ ಇರುವುದು ನಿಜ. ಆದರೆ ನಾನು ಮೊದಲು ಕೇಳಿದ್ದು, "ಮಾವ, ಸ್ವರ ಏರ್ತದಾ, ಇಳೀತದಾ?" ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕುವವರೆಗೆ ಸ್ಪ್ಯಾನರ್ ಮುಟ್ಟಬಾರದು ಅಂತ ನನ್ನ ಹಟ.

ಸ್ವರ ಇಳಿದು, ಉಸಿರು ಕಟ್ಟಿದ ಹಾಗೆ ಆಗಿ ದೋಣಿ ನಿಧಾನವಾದರೆ ಅದು ಎಣ್ಣೆಯದ್ದೋ ಕರೆಂಟಿನದ್ದೋ ತೊಂದರೆ. ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ಬಿಡಿಸಿದೆಯೋ ನೋಡಿ. ಎಂಜಿನ್ ಸಾಯುತ್ತಾ ಬರುವಾಗ ಪೈಪಿನ ರಬ್ಬರ್ ಬಲ್ಬ್ ಅಮುಕಿ; ಜೀವ ಬಂತು ಅಂದರೆ ಪಂಪು ದಣಿದಿದೆ, ಇಲ್ಲವೇ ಪೈಪು ಎಲ್ಲೋ ಗಾಳಿ ಎಳೆಯುತ್ತಿದೆ. ಸ್ವರ ಏರಿದರೆ ಎಂಜಿನ್ ಗಟ್ಟಿಯಾಗಿಯೇ ಉಂಟು. ಅದರ ಶಕ್ತಿ ನೀರಿಗೆ ಮುಟ್ಟುವ ದಾರಿಯಲ್ಲಿ ಎಲ್ಲೋ ಸೋರಿಹೋಗುತ್ತಿದೆ. ನಮ್ಮದು ಏರುತ್ತಿತ್ತು.

ಹಾಗಾದರೆ ಕೆಳಗಿನ ಭಾಗ ನೋಡಬೇಕು. ಅಳಿವೆ ಬಾಗಿಲಲ್ಲಿ ತೆರೆಗೆ ದೋಣಿಯ ಹಿಂಬದಿ ಎದ್ದಾಗ ಫ್ಯಾನು (ನೀರಿನೊಳಗೆ ತಿರುಗಿ ದೋಣಿ ನೂಕುವ ಪ್ರೊಪೆಲ್ಲರ್) ಗಾಳಿ ಎಳೆದು ಕಿರುಚುವುದು ಎಲ್ಲ ಎಂಜಿನ್ನಿಗೂ ಇದ್ದದ್ದೇ. ಅದನ್ನು ರೋಗ ಅಂತ ಲೆಕ್ಕ ಹಿಡಿಯಬಾರದು. ಅದಕ್ಕೇ ಶಿರಿಯ ಹೊಳೆಯ ಒಳಗೆ, ತೆರೆ ಇಲ್ಲದೆ ನೀರು ಶಾಂತವಾಗಿರುವಲ್ಲಿ ಓಡಿಸಿ ನೋಡಿದೆವು. ಫ್ಯಾನಿನ ಮೇಲಿನ ಅಗಲದ ತಗಡು ದೋಣಿಯ ಅಡಿಯ ಮಟ್ಟಕ್ಕೆ ಸರಿಯಾಗಿತ್ತು, ಎಸಳುಗಳು ನೆಟ್ಟಗಿದ್ದವು. ಗೇರಿನ ಹಲ್ಲು ಸವೆದರೆ ಕಟಕಟ ಅನ್ನುತ್ತದೆ, ಲಿವರ್ ಕೈಗೆ ಒದೆಯುತ್ತದೆ, ಭಾರ ಬಿದ್ದಾಗ ಗೇರು ಹಾರುತ್ತದೆ. ನಮ್ಮದರಲ್ಲಿ ಅದು ಯಾವುದೂ ಇಲ್ಲ. ಗೇರ್ ಆಯಿಲಿನ ಕೆಳಗಿನ ಸ್ಕ್ರೂ ಬಿಚ್ಚಿ ಸ್ವಲ್ಪ ಇಳಿಸಿದೆ: ನೀರು ಬೆರೆತರೆ ಬರುವ ಹಾಲಿನ ಬಣ್ಣ ಇಲ್ಲ, ಹಲ್ಲು ಸವೆದ ಲೋಹದ ಚೂರೂ ಇಲ್ಲ.

ಉಳಿದದ್ದು ಫ್ಯಾನಿನ ಒಳಗಿನ ರಬ್ಬರ್ ಬುಷ್. ಶಾಫ್ಟಿಗೆ ಕೂರುವ ಒಳಗಿನ ಕೊಳವೆಗೂ ಹೊರಗಿನ ಫ್ಯಾನಿಗೂ ನಡುವೆ ಒತ್ತಿ ಕೂರಿಸಿದ ರಬ್ಬರ್ ಅದು. ಎಸಳು ಬಂಡೆಗೋ ತೆಂಗಿನ ಕೊರಡಿಗೋ ಬಡಿದಾಗ ರಬ್ಬರ್ ಜಾರಿ ಗೇರನ್ನು ಉಳಿಸುತ್ತದೆ. ವರ್ಷಗಟ್ಟಲೆ ಪೆಟ್ಟು ತಿಂದು ಹಿಡಿತ ಬಿಟ್ಟರೆ ಕಡಿಮೆ ಓಟಕ್ಕೆ ಹೇಗೋ ಕಚ್ಚಿಕೊಂಡಿರುತ್ತದೆ, ಭಾರ ಬಿದ್ದಾಗ ಜಾರುತ್ತದೆ. ಬುಷ್ಷಿನ ಬದಲು ಶಾಫ್ಟಿಗೆ ಅಡ್ಡ ಹಾಕಿದ ಪಿನ್ ಇರುವ ಸಣ್ಣ ಎಂಜಿನ್ನಿನಲ್ಲಿ ಹೀಗೆ ಅರ್ಧಂಬರ್ಧ ಇಲ್ಲ; ಪಿನ್ ತುಂಡಾದರೆ ಯಾವ ಓಟಕ್ಕೂ ದೋಣಿ ಹೋಗುವುದಿಲ್ಲ.

ಪ್ಲಗ್ಗಿನ ವಯರ್ ಎಳೆದಿಟ್ಟು ಫ್ಯಾನ್ ಬಿಚ್ಚಿದೆ. ವಾಷರಿನ ಹಿಂದೆ ಬಲೆಯ ನೈಲಾನ್ ನೂಲು ಸುತ್ತಿಕೊಂಡಿತ್ತು. ಅದನ್ನು ಹಾಗೇ ಬಿಟ್ಟರೆ ಸೀಲ್ ಕೊಯ್ದು ಗೇರಿಗೆ ನೀರು ನುಗ್ಗುತ್ತದೆ. ತಂಗಿಯ ನೈಲ್ ಪಾಲಿಶ್ ತಂದು, ಒಳಗಿನ ಕೊಳವೆಯ ತುದಿಯಿಂದ ರಬ್ಬರ್ ದಾಟಿ ಹೊರಗಿನ ಅಂಚಿನವರೆಗೆ ಒಂದೇ ಕೆಂಪು ಗೆರೆ ಎಳೆದೆ. ಒಣಗಿದ ಮೇಲೆ ಕೂರಿಸಿ, ಹೊಳೆಯಲ್ಲಿ ಪೂರ್ತಿ ಓಟ ಕೊಟ್ಟು, ಪುನಃ ಬಿಚ್ಚಿದೆವು. ಕೊಳವೆಯ ಗೆರೆ ಒಂದು ಕಡೆ, ಅಂಚಿನ ಗೆರೆ ಎರಡು ಬೆರಳು ಆಚೆ. ರಬ್ಬರಿನಿಂದ ಸುಟ್ಟ ವಾಸನೆ ಬೇರೆ. ಮಾವ ಮೂಗಿಗೆ ಹಿಡಿದು ನೋಡಿ, "ಇದುವೇ ಮಾರಾಯ" ಅಂದರು.

ದಡದಲ್ಲಿ ನೀರಿನ ಡ್ರಮ್ಮಿಗೆ ಇಳಿಸಿ ಓಡಿಸಿ "ಎಂಜಿನ್ ಸರಿ ಉಂಟು" ಅನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಡ್ರಮ್ಮಿನಲ್ಲಿ ಫ್ಯಾನಿಗೆ ದೋಣಿ ನೂಕುವ ಭಾರವೇ ಬೀಳುವುದಿಲ್ಲ, ಈ ರೋಗ ಅಲ್ಲಿ ಕಾಣುವುದಾದರೂ ಹೇಗೆ?

ಹೊಸ ಬುಷ್ಷನ್ನು ಲೇತ್ ಅಂಗಡಿಯ ಪ್ರೆಸ್ಸಿನಲ್ಲಿ ಒತ್ತಿಸಿದೆವು. ಜಾರಲಿಕ್ಕೆ ಸೋಪಿನ ನೀರು ಮಾತ್ರ; ಗ್ರೀಸ್ ಹಚ್ಚಿದರೆ ಹೊಸದೂ ಜಾರುತ್ತದೆ. ಗ್ರೀಸ್ ಬೇಕಾದ್ದು ಶಾಫ್ಟಿನ ಹಲ್ಲುಗಳಿಗೆ.

ಇನ್ನೊಂದು ಉಪಾಯ ನಮ್ಮಲ್ಲಿ ಬಹಳ ನಡೆಯುತ್ತದೆ: ಫ್ಯಾನಿಗೂ ಕೊಳವೆಗೂ ತೂತು ಕೊರೆದು ಬೋಲ್ಟ್ ಹೊಡೆದುಬಿಡುವುದು. ದಯವಿಟ್ಟು ಮಾಡಬೇಡಿ. ಆಮೇಲೆ ಕೊರಡಿಗೆ ಬಡಿದ ಪೆಟ್ಟು ನೇರ ಗೇರಿಗೆ ಹೋಗುತ್ತದೆ. ಬುಷ್ಷಿನ ಖರ್ಚೆಲ್ಲಿ, ಗೇರ್‌ಬಾಕ್ಸಿನ ಖರ್ಚೆಲ್ಲಿ? ಅದಕ್ಕಿಂತ, ಕಡಲಲ್ಲಿ ಜಾರಲು ಶುರುವಾದರೆ ಓಟ ಇಳಿಸಿ, ಹಿಡಿಯುವಷ್ಟೇ ಕೊಟ್ಟು, ಮೆಲ್ಲ ದಡಕ್ಕೆ ಬನ್ನಿ.

ಹಳೆಯ ಫ್ಯಾನ್ ಒಂದು ಒಳ್ಳೆಯ ಬುಷ್ಷಿನದ್ದು, ಅದರ ನಟ್ಟಿಗೆ ಸರಿಯಾದ ಸ್ಪ್ಯಾನರ್, ಇಕ್ಕಳ, ನಟ್ಟು ಬಿಚ್ಚಿಕೊಳ್ಳದ ಹಾಗೆ ಹಾಕುವ ಹೊಸ ಸ್ಪ್ಲಿಟ್ ಪಿನ್ನುಗಳು ದೋಣಿಯಲ್ಲೇ ಇರಲಿ. ಬಿಚ್ಚಿದ ಪಿನ್ನನ್ನು ನೆಟ್ಟಗೆ ಮಾಡಿ ಪುನಃ ಹಾಕಬೇಡಿ. ಅದು ಮುರಿದು ನಟ್ಟು ಸಡಿಲವಾದರೆ ಫ್ಯಾನೇ ಕಡಲ ಪಾಲು.